ಜತ್ತದ ಕರಿಕಲ್ಲಿನಲ್ಲಿ ಬಿಳಿ ಹರಳು: ಜಿಯೋಲೈಟ್‌ಗಳ ಗುಣ, ಹುಟ್ಟು ಮತ್ತು ನಮ್ಮ ನೀರಿನ ಪ್ರಶ್ನೆ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಬಾವಿ ತೋಡುವುದೆಂದರೆ ಕಲ್ಲು ಒಡೆಯುವುದೇ. ಮೇಲೆ ಎರಿಮಣ್ಣು, ಅದರ ಕೆಳಗೆ ಗರಸು, ಗರಸು ಮುಗಿದ ಮೇಲೆ ಕರಿಕಲ್ಲು. ಉಮದಿ, ಸಂಖ, ಗುಡ್ಡಾಪುರದ ಕಡೆ ಹೊಲದ ಬಾವಿಯಿಂದ ಎತ್ತಿ ದಂಡೆಗೆ ಹಾಕಿದ ಕಲ್ಲಿನ ರಾಶಿಯನ್ನು ನಿಧಾನವಾಗಿ ನೋಡಿದರೆ ಎರಡು ಬಗೆ ಕಾಣುತ್ತವೆ. ಒಂದು ಅಚ್ಚ ಕಪ್ಪು, ಸುತ್ತಿಗೆ ಬಿದ್ದರೆ ಟಣ್ಣೆನ್ನುವ ಗಟ್ಟಿ ಕಲ್ಲು. ಇನ್ನೊಂದು ಬೂದು ಇಲ್ಲವೆ ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಕೆಲವು ಚುಕ್ಕೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಕೆಲವು ಹೆಬ್ಬೆರಳ ಗಾತ್ರದವು. ಈ ಬಿಳಿಯಲ್ಲಿ ಒಂದಿಷ್ಟು ಕ್ಯಾಲ್ಸೈಟ್, ಒಂದಿಷ್ಟು ಬೆಣಚು. ಉಳಿದದ್ದು ಜಿಯೋಲೈಟ್ ಎಂಬ ದೊಡ್ಡ ಖನಿಜ ಕುಟುಂಬ.

ಜಿಯೋಲೈಟ್ ಎಂದ ಕೂಡಲೇ ಹರಳು ಸಂಗ್ರಾಹಕರ ಬಾಯಲ್ಲಿ ಬರುವ ಹೆಸರುಗಳು ಬೇರೆ: ಜಳಗಾಂವ್ ಜಿಲ್ಲೆಯ ಸಾವದಾ, ನಾಸಿಕ, ಔರಂಗಾಬಾದ್, ಪುಣೆಯ ಪಾಷಾಣ ಮತ್ತು ವಾಘೋಲಿ, ಮುಂಬಯಿಯ ಕಾಂದಿವಲಿ. ರಾಸಾಯನಿಕ ಕಾರ್ಖಾನೆಯವರನ್ನು ಕೇಳಿದರೆ ಅವರು ಪೆಟ್ರೋಲು, ಸಾಬೂನು ಪುಡಿ, ಆಮ್ಲಜನಕದ ಮಾತು ತೆಗೆಯುತ್ತಾರೆ. ಬರದ ನಾಡಿನಲ್ಲಿ ಬಾವಿ ತೋಡುವವನ ಕಡೆಯಿಂದ, ಎರಿ ಹೊಲ ಉಳುವವನ ಕಡೆಯಿಂದ ಈ ಖನಿಜಗಳನ್ನು ನೋಡಿದ ಬರಹ ಕನ್ನಡದಲ್ಲಿ ಅಪರೂಪ. ನನ್ನ ಮಟ್ಟಿಗೆ ಜಿಯೋಲೈಟ್‌ನ ಕತೆ ಆರಂಭದಿಂದ ಕೊನೆಯವರೆಗೆ ನೀರಿನ ಕತೆ. ನೀರಿಲ್ಲದೆ ಅದು ಹುಟ್ಟುವುದಿಲ್ಲ, ಹುಟ್ಟಿದ ಮೇಲೂ ಒಡಲಲ್ಲಿ ನೀರು ಇಟ್ಟುಕೊಂಡೇ ಇರುತ್ತದೆ, ಕಲ್ಲಿನೊಳಗೆ ನೀರು ಎಲ್ಲಿ ನಿಲ್ಲಬೇಕು ಎಲ್ಲಿ ನಿಲ್ಲಬಾರದು ಎಂಬುದರಲ್ಲೂ ಅದರ ಪಾತ್ರವಿದೆ. ಜತ್ತದಂಥ ಮಳೆನೆರಳಿನ ತಾಲ್ಲೂಕಿಗೆ ಇದಕ್ಕಿಂತ ಹತ್ತಿರದ ವಿಷಯ ಭೂವಿಜ್ಞಾನದಲ್ಲಿ ಹೆಚ್ಚಿಲ್ಲ.

ಮೊದಲು ಒಂದು ಹರಳನ್ನು ಕೈಗೆತ್ತಿಕೊಳ್ಳೋಣ. ಸ್ಟಿಲ್ಬೈಟ್, ದಖ್ಖನ್ ಕರಿಕಲ್ಲಿನಲ್ಲಿ ತುಂಬ ಸಾಮಾನ್ಯವಾಗಿ ಸಿಗುವ ಜಿಯೋಲೈಟ್‌ಗಳಲ್ಲೊಂದು. ತೆಳು ಹಲಗೆಯಂಥ ಹರಳುಗಳು ನಡುವಿನಲ್ಲಿ ಒತ್ತಾಗಿ ಕೂಡಿಕೊಂಡು ಎರಡೂ ತುದಿಯಲ್ಲಿ ಬಿಚ್ಚಿಕೊಂಡಿರುತ್ತವೆ, ನಡುಕಟ್ಟಿದ ಜೋಳದ ಸಿವುಡಿನ ಹಾಗೆ. ಬಣ್ಣ ಬಿಳಿ, ಕೆನೆ, ಕೆಲವೊಮ್ಮೆ ನಸುಗೆಂಪು. ಸೀಳಿದ ಮುಖಕ್ಕೆ ಮುತ್ತಿನ ಹೊಳಪು. ಕೈಗೆ ಹಗುರ ಎನಿಸುತ್ತದೆ: ಅದೇ ಗಾತ್ರದ ನೀರಿಗಿಂತ ಎರಡು ಪಟ್ಟಿಗೆ ತುಸು ಹೆಚ್ಚು ತೂಕ, ಅಷ್ಟೇ. ಕರಿಕಲ್ಲು ಹೆಚ್ಚುಕಡಿಮೆ ಮೂರು ಪಟ್ಟು ತೂಗುತ್ತದೆ. ಚಾಕುವಿನ ಮೊನೆ ಎಳೆದರೆ ಹರಳಿನ ಮೇಲೆ ಗೀರು ಬೀಳುತ್ತದೆ. ಹರಳಿನಿಂದ ಗಾಜನ್ನು ಗೀರಲು ಹೋದರೆ ಆಗುವುದಿಲ್ಲ. ಬೆಣಚಾದರೆ ಗಾಜನ್ನು ಸಲೀಸಾಗಿ ಗೀರುತ್ತದೆ. ಶಾಲೆಯ ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಕ್ಯಾಲ್ಸೈಟ್ ಬುರುಬುರು ನೊರೆಯೆಬ್ಬಿಸುತ್ತದೆ, ಸ್ಟಿಲ್ಬೈಟ್ ಸುಮ್ಮನಿರುತ್ತದೆ. ಇಷ್ಟು ಪರೀಕ್ಷೆಯನ್ನು ಹೈಸ್ಕೂಲಿನ ಮಕ್ಕಳೂ ಮಾಡಬಹುದು. ಇದರ ಅಣ್ಣತಮ್ಮಂದಿರ ಗುರುತೂ ಕಷ್ಟವಲ್ಲ: ಸ್ಕೋಲೆಸೈಟ್ ಸೂಜಿಗಳ ಬೀಸಣಿಗೆಯಾಗಿ ಹರಡಿರುತ್ತದೆ, ಚಾಬಜೈಟ್ ತುಸು ಓರೆಯಾದ ಘನದಂತಿರುತ್ತದೆ, ಮಾರ್ಡೆನೈಟ್ ನವಿರು ಎಳೆಗಳ ಗುಪ್ಪೆ, ಹ್ಯೂಲಂಡೈಟ್ ನಡು ಅಗಲ, ತುದಿ ಕಿರಿದಾದ ಚಪ್ಪಟೆ ಹರಳು.

ಇನ್ನು ಬೆಂಕಿಯ ಪರೀಕ್ಷೆ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್ ಊದುಕೊಳವೆಯ ಜ್ವಾಲೆಗೆ ಇಂಥದೊಂದು ಹರಳನ್ನು ಹಿಡಿದಾಗ ಅದು ನೊರೆನೊರೆಯಾಗಿ ಉಬ್ಬಿ ಕುದಿಯಿತು. ಕುದಿಯುವ ಕಲ್ಲು ಎಂಬ ಅರ್ಥದ ಗ್ರೀಕ್ ಪದಗಳನ್ನು ಜೋಡಿಸಿ ಅವನೇ ಈ ಕುಟುಂಬಕ್ಕೆ ಹೆಸರಿಟ್ಟ. ಕುದಿದದ್ದು ಹರಳಿನೊಳಗಿನ ನೀರು. ಅದರ ಪ್ರಮಾಣ ಸಣ್ಣದಲ್ಲ: 100 ಗ್ರಾಂ ಸ್ಟಿಲ್ಬೈಟ್‌ನಲ್ಲಿ ಸುಮಾರು 18 ಗ್ರಾಂ, 100 ಗ್ರಾಂ ಸ್ಕೋಲೆಸೈಟ್‌ನಲ್ಲಿ ಸುಮಾರು 14 ಗ್ರಾಂ ನೀರಿರುತ್ತದೆ. ಮುಟ್ಟಿದರೆ ಒಣ ಕಲ್ಲು. 1840ರಲ್ಲಿ ಫ್ರಾನ್ಸಿನ ದಾಮೂರ್ ಇನ್ನೊಂದು ಸಂಗತಿ ತೋರಿಸಿದ. ಹದವಾಗಿ ಕಾಯಿಸಿ ನೀರು ಹೊರಹಾಕಿದರೂ ಹರಳಿನ ಕಟ್ಟು ಕೆಡುವುದಿಲ್ಲ. ತೇವವಿರುವ ಗಾಳಿಯಲ್ಲಿಟ್ಟರೆ ಕಳೆದುಕೊಂಡ ನೀರನ್ನು ಮತ್ತೆ ಹೀರಿಕೊಳ್ಳುತ್ತದೆ. ಜಿಪ್ಸಂನಂಥ ನೀರುಳ್ಳ ಬೇರೆ ಖನಿಜಗಳಲ್ಲಿ ನೀರು ಹೋದರೆ ಹರಳೇ ಬದಲಾಗುತ್ತದೆ. ಜಿಯೋಲೈಟ್‌ನಲ್ಲಿ ಹಾಗಿಲ್ಲ. ತೀರ ಹೆಚ್ಚು ಕಾಯಿಸಿದರೆ ಮಾತ್ರ ಕಟ್ಟು ಕುಸಿಯುತ್ತದೆ, ಎಷ್ಟು ಶಾಖಕ್ಕೆ ಕುಸಿಯುತ್ತದೆ ಎಂಬುದು ಒಂದೊಂದು ಖನಿಜಕ್ಕೆ ಒಂದೊಂದು.

ಕಾರಣ ಒಳಗಿನ ಕಟ್ಟಡದಲ್ಲಿದೆ. ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ, ಅಲ್ಯುಮಿನಿಯಂ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ. ಈ ಚತುರ್ಮುಖಿಗಳು ಮೂಲೆಯ ಆಮ್ಲಜನಕವನ್ನು ಹಂಚಿಕೊಂಡು ಮೂರೂ ದಿಕ್ಕಿಗೆ ಬೆಳೆಯುತ್ತವೆ. ಬೆಣಚಿನಲ್ಲೂ ಇಂಥದೇ ಜೋಡಣೆಯಿದೆ, ಆದರೆ ಅಲ್ಲಿ ಒತ್ತೊತ್ತು. ಜಿಯೋಲೈಟ್‌ನಲ್ಲಿ ಜೋಡಣೆ ಸಡಿಲ. ನಡುನಡುವೆ ಓಣಿಗಳು, ಕೋಣೆಗಳು. ಓಣಿಯ ಬಾಯಿ ಸಾಮಾನ್ಯವಾಗಿ ಒಂದು ನ್ಯಾನೋಮೀಟರಿಗಿಂತ ಕಿರಿದು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಸಿಲಿಕಾನ್ ಇರಬೇಕಾದಲ್ಲಿ ಅಲ್ಯುಮಿನಿಯಂ ಕೂತಾಗ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಓಣಿಗಳಲ್ಲಿ ಬಂದು ನಿಲ್ಲುತ್ತವೆ. ನೀರಿನ ಕಣಗಳು ಅವನ್ನು ಸುತ್ತುವರಿಯುತ್ತವೆ. ಇವು ಕಟ್ಟಡಕ್ಕೆ ಗಟ್ಟಿಯಾಗಿ ಅಂಟಿಕೊಂಡಿಲ್ಲವಾದ್ದರಿಂದ ಬೇರೆ ಅಯಾನು ಬಂದರೆ ಜಾಗ ಬಿಟ್ಟುಕೊಡುತ್ತವೆ. ಹೀಗೆ ಮೂರು ಗುಣ ಒಂದೇ ಕಟ್ಟಡದಿಂದ ಹುಟ್ಟಿದವು: ನೀರನ್ನು ಕೊಟ್ಟು ತೆಗೆದುಕೊಳ್ಳುವುದು, ಅಯಾನು ವಿನಿಮಯ, ಗಾತ್ರ ನೋಡಿ ಕಣಗಳನ್ನು ಒಳಗೆ ಬಿಡುವುದು. 1997ರಲ್ಲಿ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘಟನೆಯ ಉಪಸಮಿತಿ ಜಿಯೋಲೈಟ್‌ಗೆ ಕೊಟ್ಟ ವ್ಯಾಖ್ಯೆಯ ತಿರುಳೂ ಇದೇ. ಒಂದೇ ಕಟ್ಟಡದಲ್ಲಿ ಯಾವ ಅಯಾನು ಹೆಚ್ಚಿದೆಯೋ ಅದರ ಗುರುತನ್ನು ಹೆಸರಿಗೆ ಸೇರಿಸುವ ಪದ್ಧತಿ ಆಗ ಬಂತು. ದಖ್ಖನ್‌ನ ಸ್ಟಿಲ್ಬೈಟ್, ಹ್ಯೂಲಂಡೈಟ್‌ಗಳು ಹೆಚ್ಚಾಗಿ ಕ್ಯಾಲ್ಸಿಯಂ ಬಗೆಯವು. ಇದನ್ನು ನೆನಪಿನಲ್ಲಿಡಬೇಕು, ಮಣ್ಣಿನ ಮಾತು ಬಂದಾಗ ಬೇಕಾಗುತ್ತದೆ.

ಈ ತಿಳಿವಳಿಕೆ ಒಮ್ಮೆಲೇ ಬಂದದ್ದಲ್ಲ. 1850ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಥಾಂಪ್ಸನ್ ಮತ್ತು ವೇ, ಗೊಬ್ಬರದ ಅಮೋನಿಯಾವನ್ನು ಮಣ್ಣು ಹಿಡಿದಿಟ್ಟುಕೊಂಡು ಅದಕ್ಕೆ ಬದಲಾಗಿ ಕ್ಯಾಲ್ಸಿಯಂ ಬಿಡುವುದನ್ನು ಕಂಡರು. 1858ರಲ್ಲಿ ಜರ್ಮನಿಯ ಐಖ್‌ಹಾರ್ನ್ ಅದೇ ಕೊಡುಕೊಳ್ಳುವಿಕೆಯನ್ನು ಚಾಬಜೈಟ್, ನ್ಯಾಟ್ರೋಲೈಟ್‌ಗಳಲ್ಲಿ ತೋರಿಸಿದ. 1930ರಲ್ಲಿ ಲೈನಸ್ ಪಾಲಿಂಗ್ ನ್ಯಾಟ್ರೋಲೈಟ್‌ನ ಒಳಕಟ್ಟನ್ನು ಎಕ್ಸ್-ರೇ ಮೂಲಕ ಬಿಡಿಸಿಟ್ಟಾಗ ಓಣಿ-ಕೋಣೆಗಳ ಊಹೆ ನಿಜವಾಯಿತು. ಅಯಾನು ವಿನಿಮಯದ ವಿಜ್ಞಾನ ಹುಟ್ಟಿದ್ದೇ ಹೊಲದ ಮಣ್ಣಿನಿಂದ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಕಾರ್ಖಾನೆ ಆಮೇಲೆ ಬಂತು.

ಈಗ ಹುಟ್ಟಿನ ಪ್ರಶ್ನೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾ ಮತ್ತೆ ಮತ್ತೆ ಉಕ್ಕಿ ಹರಿದು ದಖ್ಖನ್ ಪ್ರಸ್ಥಭೂಮಿ ಆಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕರಿಕಲ್ಲು ಮುಚ್ಚಿದೆ. ಮಹಾರಾಷ್ಟ್ರದ ಬಹುಭಾಗ, ನಮ್ಮ ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರಗಳ ಎರಿನಾಡು ಎಲ್ಲವೂ ಅದರ ಮೇಲೆಯೇ. ಪಶ್ಚಿಮದಲ್ಲಿ ದಪ್ಪ, ಪೂರ್ವಕ್ಕೂ ದಕ್ಷಿಣಕ್ಕೂ ಬಂದಂತೆ ತೆಳು. ಕೊಯ್ನಾದಲ್ಲಿ ಭೂಕಂಪದ ಅಧ್ಯಯನಕ್ಕೆ ಕೊರೆದ ರಂಧ್ರದಲ್ಲಿ ಕರಿಕಲ್ಲು ಮುಗಿದು ಬುಡದ ಗ್ರಾನೈಟ್ ಸಿಕ್ಕಿದ್ದು 900 ಮೀಟರ್ ದಾಟಿದ ಮೇಲೆ. 1993ರ ಭೂಕಂಪದ ನಂತರ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದಾಗ 338 ಮೀಟರಿಗೇ ಕರಿಕಲ್ಲು ಮುಗಿಯಿತು. ಜತ್ತ ಈ ಎರಡರ ನಡುವಿನ ರೇಖಾಂಶದಲ್ಲಿ, ಕರಿಕಲ್ಲಿನ ದಕ್ಷಿಣ ಅಂಚಿನ ಕಡೆಗೆ ವಾಲಿಕೊಂಡಿದೆ.

ಒಂದೊಂದು ಲಾವಾ ಹರಿವಿಗೂ ಮೇಲು ಕೆಳಗೆಂಬುದಿದೆ. ಲಾವಾದಲ್ಲಿ ಕರಗಿದ್ದ ನೀರಾವಿ, ಇಂಗಾಲದ ಡೈಆಕ್ಸೈಡ್ ಒತ್ತಡ ಇಳಿದಂತೆ ಗುಳ್ಳೆಯಾಗಿ ಮೇಲೇರುತ್ತವೆ. ಮೇಲ್ಭಾಗ ಬೇಗ ಆರುವುದರಿಂದ ಅಲ್ಲಿ ಗುಳ್ಳೆಗಳು ಸಿಕ್ಕಿಬೀಳುತ್ತವೆ. ಹರಿವಿನ ನಡುಭಾಗ ನಿಧಾನವಾಗಿ ಆರಿ ಗುಳ್ಳೆಯಿಲ್ಲದ ಗಟ್ಟಿ ಕಲ್ಲಾಗುತ್ತದೆ. ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವೆ ಸಮಯ ಸಿಕ್ಕಲ್ಲಿ ಮೇಲ್ಮೈ ಶಿಥಿಲವಾಗಿ ಕೆಂಪು ಮಣ್ಣಿನ ಪಟ್ಟಿಯಾಗಿದೆ. ಬಾವಿಯ ಗೋಡೆಯಲ್ಲಿ ಈ ಕ್ರಮ ಕಣ್ಣಿಗೆ ಕಾಣುತ್ತದೆ: ಚುಕ್ಕೆ ಕಲ್ಲು, ಅದರ ಕೆಳಗೆ ಗಟ್ಟಿ ಕಲ್ಲು, ಕೆಲವೆಡೆ ಕೆಂಪು ಪಟ್ಟಿ, ಮತ್ತೆ ಚುಕ್ಕೆ ಕಲ್ಲು. ಲಾವಾ ಹರಿದಾಗ ಗುಳ್ಳೆಗಳು ಖಾಲಿಯಿದ್ದವು. ಬಿಳಿ ಹರಳು ಆಮೇಲೆ ಬಂದದ್ದು. ವಿದ್ವಾಂಸರ ಚರ್ಚೆಯೆಲ್ಲ ಈ 'ಆಮೇಲೆ' ಯಾವಾಗ, ಯಾವ ನೀರಿನಿಂದ, ಎಷ್ಟು ಬಿಸಿಯಲ್ಲಿ ಎಂಬುದರ ಸುತ್ತ.

ರಾಸಾಯನಿಕ ಭಾಗದಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಕರಿಕಲ್ಲಿನಲ್ಲಿ ಹರಳಾಗಲು ಸಮಯ ಸಿಗದೆ ಉಳಿದ ಜ್ವಾಲಾಮುಖಿ ಗಾಜು ಇರುತ್ತದೆ, ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್ ಇರುತ್ತದೆ. ಬಿಸಿನೀರು ಬಿರುಕುಗಳಲ್ಲಿ ಇಳಿದು ಇವೆರಡನ್ನೂ ಕರಗಿಸುತ್ತ ಹೋದಂತೆ ಕ್ಷಾರವಾಗುತ್ತದೆ. ಸಿಲಿಕಾ, ಅಲ್ಯುಮಿನಾ, ಕ್ಯಾಲ್ಸಿಯಂ, ಸೋಡಿಯಂ ಅದರಲ್ಲಿ ಸೇರುತ್ತವೆ. ಆ ನೀರು ಗುಳ್ಳೆಯೊಳಗೆ ಜಿನುಗಿ ನಿಂತಾಗ ಹರಳು ಕಟ್ಟುತ್ತದೆ. ಕ್ರಮವೂ ಒಂದಿದೆ. ಅನೇಕ ಕಡೆ ಗುಳ್ಳೆಯ ಗೋಡೆಗೆ ಮೊದಲು ಹಸಿರು ಜೇಡಿಯ ತೆಳು ಲೇಪ, ಆಮೇಲೆ ಬೆಣಚು ಅಥವಾ ಕ್ಯಾಲ್ಸೆಡನಿ, ಅದರ ಮೇಲೆ ಹ್ಯೂಲಂಡೈಟ್, ಸ್ಟಿಲ್ಬೈಟ್, ಕೊನೆಗೆ ಅಪೊಫಿಲೈಟ್ ಇಲ್ಲವೆ ಕ್ಯಾಲ್ಸೈಟ್. ಒಂದು ಗುಳ್ಳೆಯನ್ನು ಸರಿಯಾಗಿ ಸೀಳಿ ಗೋಡೆಯಿಂದ ನಡುವಿನ ಕಡೆಗೆ ಓದಿಕೊಂಡು ಹೋದರೆ ನೀರಿನ ರಸಾಯನ ಹೇಗೆ ಬದಲಾಯಿತೆಂಬ ದಾಖಲೆ ಸಿಗುತ್ತದೆ.

ಶಾಖದ ಲೆಕ್ಕಕ್ಕೆ ದಾರಿ ತೋರಿಸಿದ್ದು ಐಸ್‌ಲ್ಯಾಂಡ್. ಅಲ್ಲಿನ ಪೂರ್ವ ಕರಾವಳಿಯ ಲಾವಾ ಗುಡ್ಡಗಳಲ್ಲಿ ಜಿ.ಪಿ.ಎಲ್. ವಾಕರ್ 1960ರ ಹೊತ್ತಿಗೆ ಒಂದು ವಿಚಿತ್ರ ಗಮನಿಸಿದರು: ಗುಳ್ಳೆಯೊಳಗಿನ ಖನಿಜಗಳು ಲಾವಾ ಪದರಗಳನ್ನು ಅನುಸರಿಸದೆ ಆಳವನ್ನು ಅನುಸರಿಸಿ ಬದಲಾಗುತ್ತವೆ. ಮೇಲೆ ಚಾಬಜೈಟ್-ಥಾಮ್ಸನೈಟ್, ಕೆಳಗೆ ಮೆಸೊಲೈಟ್-ಸ್ಕೋಲೆಸೈಟ್, ಇನ್ನೂ ಆಳದಲ್ಲಿ ಲಾಮಂಟೈಟ್. ಅಂದರೆ ಲಾವಾ ಪೇರಿಸಿಕೊಂಡು ಆದ ಮೇಲೆ, ಇಡೀ ರಾಶಿ ಆಳದ ಶಾಖಕ್ಕೆ ಬೆಂದು ಖನಿಜ ಹುಟ್ಟಿವೆ. ಮುಂದೆ ಐಸ್‌ಲ್ಯಾಂಡಿನ ಬಿಸಿನೀರಿನ ಕೊಳವೆಬಾವಿಗಳಲ್ಲಿ ನೇರವಾಗಿ ಅಳೆದು ನೋಡಿದಾಗ ಚಾಬಜೈಟ್ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರಿನಲ್ಲಿ, ಸ್ಟಿಲ್ಬೈಟ್ 90-110ರ ಆಸುಪಾಸಿನಲ್ಲಿ, ಲಾಮಂಟೈಟ್ ಅದಕ್ಕಿಂತ ಮೇಲಿನ ಶಾಖದಲ್ಲಿ ಕಂಡುಬಂದವು. ದಖ್ಖನ್‌ಗೆ ಇಂಥದೇ ನೋಟ ತಂದವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಆರ್.ಎನ್. ಸುಖೇಶ್ವಾಲಾ ಮತ್ತು ಸಂಗಡಿಗರು. 1974ರಲ್ಲಿ ಪಶ್ಚಿಮ ಭಾರತದ ಟ್ರ್ಯಾಪ್ ಕಲ್ಲುಗಳನ್ನು, ಅಂದರೆ ಇದೇ ಕರಿಕಲ್ಲನ್ನು, ಅವರು ಲಾಮಂಟೈಟ್, ಸ್ಕೋಲೆಸೈಟ್, ಹ್ಯೂಲಂಡೈಟ್ ಎಂದು ಮೂರು ವಲಯಗಳಾಗಿ ವಿಂಗಡಿಸಿದರು. ಭಾರತದ ಜಿಯೋಲೈಟ್ ಅಧ್ಯಯನದಲ್ಲಿ ಇದು ಇಂದಿಗೂ ಅಡಿಗಲ್ಲು.

ಲಾವಾ ತನ್ನದೇ ಆವಿಯಲ್ಲಿ, ಆರುವ ಹೊತ್ತಿಗೇ ಗುಳ್ಳೆ ತುಂಬಿಕೊಂಡಿತು ಎಂಬ ಹಳೆಯ ವಾದ ಇದರಿಂದ ಸೊರಗಿತು, ಆದರೆ ಪೂರ್ತಿ ಸತ್ತಿಲ್ಲ. ಮೊದಲ ಹಸಿರು ಲೇಪಕ್ಕೆ ಅದು ಸರಿಹೊಂದಬಹುದು. ಅದರ ಮೇಲೆ ಕೂತ ಹರಳುಗಳ ವಯಸ್ಸನ್ನು ಅಳೆದವರಿಗೆ ಬೇರೆಯೇ ಉತ್ತರ ಸಿಕ್ಕಿದೆ. ಜಿಯೋಲೈಟ್‌ಗಳ ಜೊತೆ ಬೆಳೆಯುವ ಅಪೊಫಿಲೈಟ್‌ನಲ್ಲಿ ಪೊಟ್ಯಾಸಿಯಂ ಇರುವುದರಿಂದ ವಿಕಿರಣ ಗಡಿಯಾರದ ಮೂಲಕ ಅದರ ಕಾಲ ಹೇಳಲಾಗುತ್ತದೆ. ಕೆಲವು ಹರಳು ಲಾವಾ ಹರಿದ ಕೋಟ್ಯಂತರ ವರ್ಷಗಳ ನಂತರ ಹುಟ್ಟಿವೆ. ಒಂದೇ ಸಲ ಬಿಸಿನೀರು ಹರಿದು ಮುಗಿಯಲಿಲ್ಲ, ಮತ್ತೆ ಮತ್ತೆ ಹರಿಯಿತು. ಆಳದ ಶಾಖ, ಸ್ಥಳೀಯ ಬಿರುಕುಗಳು, ಮಳೆಯಿಂದ ಇಳಿದ ನೀರು ಮೂರನ್ನೂ ಕೂಡಿಸಿದ ವಿವರಣೆಯೇ ನನಗೆ ಸರಿಯೆನಿಸುತ್ತದೆ. ವಲಯಗಳ ನಕ್ಷೆ ಒಟ್ಟು ನೋಟಕ್ಕೆ ಒಳ್ಳೆಯದು. ಒಂದು ಬಾವಿಯ ಗೋಡೆಗೆ ಬಂದಾಗ ಬಿರುಕು ಎಲ್ಲಿತ್ತು ಎಂಬುದೇ ಹೆಚ್ಚು ಹೇಳುತ್ತದೆ.

ಗುಳ್ಳೆಯಲ್ಲಿ ಹುಟ್ಟುವುದೊಂದೇ ದಾರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರಪಂಚದ ಅತಿ ದೊಡ್ಡ ಜಿಯೋಲೈಟ್ ನಿಕ್ಷೇಪಗಳು ಜ್ವಾಲಾಮುಖಿ ಬೂದಿ ಬಿದ್ದು ಗಟ್ಟಿಯಾದ ಪದರಗಳಲ್ಲಿವೆ. ಬೂದಿಯ ಗಾಜು ಉಪ್ಪು-ಕ್ಷಾರದ ಸರೋವರದ ನೀರಿನಲ್ಲೋ ಅಂತರ್ಜಲದಲ್ಲೋ ನೆನೆದು ಕ್ಲಿನಾಪ್ಟಿಲೋಲೈಟ್, ಚಾಬಜೈಟ್, ಫಿಲಿಪ್ಸೈಟ್ ಆಗಿ ಮಾರ್ಪಡುತ್ತದೆ. ಅಮೆರಿಕದ ಪಶ್ಚಿಮ ರಾಜ್ಯಗಳು, ಟರ್ಕಿ, ಜಪಾನ್, ಕ್ಯೂಬಾಗಳಲ್ಲಿ ಗಣಿ ತೆಗೆಯುವುದು ಇದನ್ನೇ. ಆಳ ಸಮುದ್ರದ ತಳದ ಕೆಸರಿನಲ್ಲೂ ಫಿಲಿಪ್ಸೈಟ್ ಇದೆ. ಬೂದಿ ಪದರಗಳ ಹರಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥದು, ಆದರೆ ಬೆಟ್ಟಗಟ್ಟಲೆ ಇರುತ್ತದೆ. ನಮ್ಮಲ್ಲಿ ಕಣ್ಣು ಕೋರೈಸುವ ಹರಳಿದೆ. ಒಂದೇ ಜಾತಿಯದು ಟನ್ನುಗಟ್ಟಲೆ ಒಂದೇ ಕಡೆ ಸಿಗುವುದಿಲ್ಲ.

ಕಣ್ಣು ಕೋರೈಸುವ ಆ ಹರಳುಗಳ ಖ್ಯಾತಿ ಶುರುವಾದದ್ದು ರೈಲಿನಿಂದ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಬೋರಘಾಟಿನಲ್ಲಿ ಸುರಂಗ ಕೊರೆದು 1863ರಲ್ಲಿ ದಾರಿ ತೆರೆದಾಗ, ಒಡೆದ ಕಲ್ಲಿನಿಂದ ಹೊರಬಿದ್ದ ಹರಳುಗಳು ಯುರೋಪಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆಮೇಲೆ ಬಾವಿ, ರಸ್ತೆ, ಖಡಿ ಮಷೀನುಗಳ ಗಣಿ. ಈಗ ನಾಸಿಕ ಜಿಲ್ಲೆಯ ಸಿನ್ನರದಲ್ಲಿ ಗಾರಗೋಟಿ ಎಂಬ ಖನಿಜ ವಸ್ತುಸಂಗ್ರಹಾಲಯವೇ ಇದೆ. ದಖ್ಖನ್ ಹರಳುಗಳನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ನಾನರಿಯೆ. ಅಲ್ಲಿಗೆ ಹೋಗುವವರಿಗೊಂದು ಮಾತು: ಹಸಿರು ಅಪೊಫಿಲೈಟ್, ವಾಘೋಲಿಯ ಗಾಢ ನೀಲಿ ಕ್ಯಾವನ್ಸೈಟ್ ಇವು ಜಿಯೋಲೈಟ್‌ಗಳ ಜೊತೆಗಾರರು ಮಾತ್ರ, ಆ ಕುಟುಂಬದವಲ್ಲ.

ಜತ್ತದ ಬಾವಿಗೆ ಮರಳೋಣ. ಕರಿಕಲ್ಲಿನ ನಾಡಿನಲ್ಲಿ ಅಂತರ್ಜಲವೆಂದರೆ ಬಿರುಕು ಮತ್ತು ಗರಸಿನ ನೀರು. ಗಟ್ಟಿ ಕರಿಕಲ್ಲಿನ ಮೈಯಲ್ಲಿ ನೀರು ನಿಲ್ಲಲು ತೆರವೇ ಇಲ್ಲ. ಸೀಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗುಳ್ಳೆ ಕಲ್ಲನ್ನು ಕಂಡವರು ಇದರಲ್ಲಿ ಇಷ್ಟು ತೂತಿವೆ, ನೀರು ಬೇಕಾದಷ್ಟಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಆ ತೂತುಗಳನ್ನು ಜಿಯೋಲೈಟ್ ತುಂಬಿಬಿಟ್ಟಿದೆ. ಅಣುವಿನ ಗಾತ್ರದಲ್ಲಿ ಮೈತುಂಬ ಓಣಿಗಳುಳ್ಳ ಖನಿಜ, ಕಲ್ಲಿನ ಗಾತ್ರದಲ್ಲಿ ಓಣಿಗಳನ್ನು ಮುಚ್ಚುವ ಬಿರಡೆಯಾಗಿದೆ. ಹರಳಿನೊಳಗಿನ ನೀರು ಬಾವಿಗೆ ಬರುವ ನೀರಲ್ಲ. ಹೊಸದಾಗಿ ಒಡೆದ, ಶಿಥಿಲವಾಗದ ಚುಕ್ಕೆ ಕಲ್ಲು ಹಾಗಾಗಿ ನೀರಿನ ವಿಷಯದಲ್ಲಿ ಗಟ್ಟಿ ಕಲ್ಲಿಗಿಂತ ಬಹಳ ಉದಾರಿಯೇನಲ್ಲ.

ಇನ್ನೊಂದು ಮುಖವೂ ಇದೆ. ಚುಕ್ಕೆ ಕಲ್ಲು ಗಟ್ಟಿ ಕಲ್ಲಿಗಿಂತ ಬೇಗ ಶಿಥಿಲವಾಗುತ್ತದೆ. ಅಡ್ಡಡ್ಡಲಾಗಿ ಹಾಳೆಹಾಳೆಯಾಗಿ ಬಿಡುವ ಸ್ವಭಾವ ಅದಕ್ಕಿದೆ, ಮೆತ್ತಗಿನ ಖನಿಜಗಳು ಕರಗಿ ಹೋಗುತ್ತವೆ, ಗಾಳಿ-ನೀರು ಒಳನುಗ್ಗುತ್ತವೆ. ಹೀಗೆ ಗರಸಾದ ಚುಕ್ಕೆ ಕಲ್ಲೇ ಮೇಲ್ಮಟ್ಟದ ಬಾವಿಗಳಿಗೆ ನೀರು ಕೊಡುವ ಪದರ. ಅದರ ಕೊಡುಗೆಗೂ ಮಿತಿಯಿದೆ: ಭಾರತದ ಅಂತರ್ಜಲ ಅಂದಾಜಿನ ನಿಯಮಗಳು ಶಿಥಿಲ ಅಥವಾ ಗುಳ್ಳೆಯುಳ್ಳ, ಸೀಳು ಬಿಟ್ಟ ಕರಿಕಲ್ಲಿಗೆ ಶೇ. 1ರಿಂದ 3ರಷ್ಟು ಮಾತ್ರ ನೀರು ಬಿಟ್ಟುಕೊಡುವ ಸಾಮರ್ಥ್ಯವನ್ನು ಹಿಡಿಯುತ್ತವೆ. 100 ಲೀಟರ್ ಅಳತೆಯ ಕಲ್ಲಿನಿಂದ 1ರಿಂದ 3 ಲೀಟರ್ ನೀರು. ಬೋರು ಆಳಕ್ಕೆ ಇಳಿದಷ್ಟೂ ಶಿಥಿಲವಾಗದ ಕಲ್ಲು, ಜಿಯೋಲೈಟ್ ಬಿಗಿದ ಗುಳ್ಳೆ, ಮುಚ್ಚಿದ ಬಿರುಕು. ಸೀಳು ಸಿಕ್ಕದಿದ್ದರೆ ಖರ್ಚು ಮಾತ್ರ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರಿಗಾಗಿ ಜತ್ತದ ಪೂರ್ವಭಾಗದ ಹಳ್ಳಿಗಳು ಇಷ್ಟು ವರ್ಷ ದನಿಯೆತ್ತಿದ್ದರ ಹಿಂದೆ ಮಳೆಯ ಕೊರತೆಯ ಜೊತೆಗೆ ಈ ಕಲ್ಲಿನ ಜಿಪುಣತನವೂ ಇದೆ ಎಂಬುದನ್ನು ಆಳುವವರು ಅರ್ಥ ಮಾಡಿಕೊಳ್ಳಬೇಕು. ಇಂಗುಗುಂಡಿ, ಬಾಂದು ಕಟ್ಟುವಾಗಲೂ ಅದೇ ಲೆಕ್ಕ: ಗರಸಾದ ಚುಕ್ಕೆ ಕಲ್ಲು ಹೊರಚಾಚಿದ ಕಡೆ ನೀರು ಇಂಗುತ್ತದೆ, ಗಟ್ಟಿ ಕಲ್ಲಿನ ಮೇಲೆ ಕಟ್ಟಿದ ಕೆರೆ ಬಿಸಿಲಿಗೆ ಆವಿಯಾಗುತ್ತದೆ.

ಮಣ್ಣಿನ ಅಧ್ಯಾಯ ಇದಕ್ಕಿಂತ ಆಶಾದಾಯಕ. ಇಲ್ಲಿ ಮುಖ್ಯ ಕೆಲಸ ನಡೆದದ್ದು ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯಲ್ಲಿ. ಡಿ.ಕೆ. ಪಾಲ್, ಟಿ. ಭಟ್ಟಾಚಾರ್ಯ ಮತ್ತು ಸಂಗಡಿಗರು 1993ರಿಂದ ಬರೆದ ಪ್ರಬಂಧಗಳಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು. ಪಶ್ಚಿಮ ಘಟ್ಟದ ಭಾರಿ ಮಳೆಗೆ ಮಣ್ಣಿನ ಕ್ಯಾಲ್ಸಿಯಂ ಎಂದೋ ತೊಳೆದುಹೋಗಬೇಕಿತ್ತು. ಆದರೂ ಕರಿಕಲ್ಲಿನ ಮೇಲಿನ ಕೆಲವು ಮಣ್ಣು ಇಂದಿಗೂ ಫಲವತ್ತಾಗಿ ಉಳಿದಿರುವುದು ಹೇಗೆ? ಉತ್ತರ ಜಿಯೋಲೈಟ್. ಕಲ್ಲಿನಿಂದ ಬಿಡಿಸಿಕೊಂಡ ಹ್ಯೂಲಂಡೈಟ್‌ನ ಕಣಗಳು ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತ ಕ್ಯಾಲ್ಸಿಯಂ ಒದಗಿಸುತ್ತಿವೆ. ಅದೇ ಗುಂಪು ಮುಂದೆ ಒಣನಾಡಿನ ಎರಿಮಣ್ಣಿಗೆ ಬಂತು. ಮಳೆ ಕಡಿಮೆಯಾದಲ್ಲಿ ಎರಿಮಣ್ಣಿನ ಆಳದಲ್ಲಿ ಸುಣ್ಣದ ಹರಳು ಕೂಡಿಕೊಂಡು ಸೋಡಿಯಂ ಮೇಲುಗೈ ಪಡೆಯುತ್ತದೆ. ಜೇಡಿ ಚದರಿ ಮಣ್ಣು ಬಿಗಿಯುತ್ತದೆ, ನೀರು ಕೆಳಗಿಳಿಯುವುದಿಲ್ಲ, ಬೆಳೆಯ ಬೇರು ಉಸಿರುಗಟ್ಟುತ್ತದೆ. ಕ್ಯಾಲ್ಸಿಯಂ ಜಿಯೋಲೈಟ್ ಇರುವ ಎರಿಯಲ್ಲಿ ಸೋಡಿಯಂ ಪ್ರಮಾಣ ಹೆಚ್ಚಿದ್ದರೂ ನೀರಿಳಿಯುವ ಗುಣ ಉಳಿದಿರುತ್ತದೆ ಎಂದು ಅವರು ತೋರಿಸಿದರು. ಸೋಡಿಯಂ ಅಂಕಿಯೊಂದನ್ನೇ ನೋಡಿ ಮಣ್ಣನ್ನು ಸವಳೆಂದು ತೀರ್ಮಾನಿಸಬಾರದು ಎಂಬುದು ಅವರ ವಾದ. ನನಗೆ ಇದು ಪೂರ್ತಿ ಒಪ್ಪಿಗೆ. ಒಂದೇ ಮಳೆ, ಒಂದೇ ಬಣ್ಣದ ಎರಿ. ಒಂದು ಹೊಲದಲ್ಲಿ ಹಿಂಗಾರಿ ಜೋಳ ತೂಗುತ್ತದೆ, ಪಕ್ಕದ್ದು ಕೆಸರು ಕಟ್ಟಿ ಕೂರುತ್ತದೆ. ರೈತರು ತಲೆಮಾರುಗಳಿಂದ ಕಂಡ ಈ ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ಮಣ್ಣಿನಲ್ಲಿ ಜಿಯೋಲೈಟ್ ಇದೆಯೋ ಇಲ್ಲವೋ ಎಂಬುದನ್ನೂ ಕೇಳಬೇಕು. ಈಗಿನ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಕಾರ್ಖಾನೆಯ ಭಾಗವನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಮಿಲ್ಟನ್ 1940ರ ದಶಕದ ಕೊನೆಯಲ್ಲಿ ಕಡಿಮೆ ಶಾಖದಲ್ಲಿ ಎ ಮತ್ತು ಎಕ್ಸ್ ಎಂಬ ಕೃತಕ ಜಿಯೋಲೈಟ್ ತಯಾರಿಸಿದರು. 1954ರಲ್ಲಿ ಅವು ಮಾರುಕಟ್ಟೆಗೆ ಬಂದವು. 1960ರ ದಶಕದಲ್ಲಿ ಕಚ್ಚಾತೈಲವನ್ನು ಪೆಟ್ರೋಲಾಗಿ ಒಡೆಯುವ ವೇಗವರ್ಧಕವಾಗಿ, ಆಮೇಲೆ ಸಾಬೂನು ಪುಡಿಯಲ್ಲಿ ಗಡಸು ನೀರನ್ನು ಮೆದುಗೊಳಿಸಲು ಜಿಯೋಲೈಟ್ ಬಳಕೆ ಹಬ್ಬಿತು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ 1980ರ ದಶಕದಲ್ಲಿ ಪಾಲ್ ರತ್ನಸಾಮಿಯವರ ಮುಂದಾಳುತನದಲ್ಲಿ ಎನ್ಸಿಲೈಟ್ ಎಂಬ ಸ್ವದೇಶಿ ಜಿಯೋಲೈಟ್ ವೇಗವರ್ಧಕಗಳನ್ನು ರೂಪಿಸಿತು. ಆ ಪ್ರಯೋಗಾಲಯವಿರುವುದು ಹರಳುಗಳಿಗೆ ಹೆಸರಾದ ಪಾಷಾಣದ ಮಗ್ಗುಲಲ್ಲೇ.

ಇಷ್ಟೆಲ್ಲ ಇದ್ದೂ 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ಆಸ್ಪತ್ರೆಗಳ ಆಮ್ಲಜನಕ ಘಟಕಗಳಿಗೆ ಬೇಕಾದ ಜಿಯೋಲೈಟ್ ರೋಮ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೆಂಗಳೂರಿಗೆ ಬರಬೇಕಾಯಿತು. ಲೋಕಕ್ಕೆಲ್ಲ ಜಿಯೋಲೈಟ್ ತೋರಿಸುವ ನಾಡಿಗೆ ಹೀಗೇಕೆ ಎಂದು ಆಗ ಹಲವರು ಕೇಳಿದರು. ಕಾರಣ ಸರಳ. ಆ ಯಂತ್ರದಲ್ಲಿ ಒತ್ತಡ ಹಾಕಿದ ಗಾಳಿ ಜಿಯೋಲೈಟ್ ಗುಳಿಗೆಗಳ ಮೂಲಕ ಹಾಯುತ್ತದೆ. ಓಣಿಗಳಲ್ಲಿರುವ ಅಯಾನುಗಳು ನೈಟ್ರೋಜನ್ ಕಣಗಳನ್ನು ಹೆಚ್ಚು ಸೆಳೆದು ಹಿಡಿಯುತ್ತವೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ನೈಟ್ರೋಜನ್ ಹೊರಬಿದ್ದು ಗುಳಿಗೆ ಮತ್ತೆ ಸಿದ್ಧ. ಹೀಗೆ ಶೇ. 93ರ ಆಸುಪಾಸಿನ ಆಮ್ಲಜನಕ ಸಿಗುತ್ತದೆ. ಇದಕ್ಕೆ ಓಣಿ ಅಗಲವಿರಬೇಕು, ಎಲ್ಲ ಒಂದೇ ಅಳತೆಯಲ್ಲಿರಬೇಕು, ಲಿಥಿಯಂ ಅಥವಾ ಸೋಡಿಯಂನಂಥ ತಕ್ಕ ಅಯಾನು ಇರಬೇಕು. ನಮ್ಮ ಸ್ಟಿಲ್ಬೈಟ್, ಸ್ಕೋಲೆಸೈಟ್‌ಗಳ ಓಣಿ ಕಿರಿದು, ಒಂದರ ಜೊತೆ ಇನ್ನೊಂದು ಬೆರೆತಿರುತ್ತವೆ, ಕಲ್ಲಿನಿಂದ ಬಿಡಿಸುವುದೇ ದುಬಾರಿ. ಕೊರತೆಯಿದ್ದದ್ದು ಖನಿಜದ್ದಲ್ಲ, ತಯಾರಿಕೆಯದು.

ಕೃಷಿ ಅಂಗಡಿಗಳಲ್ಲಿ ಜಿಯೋಲೈಟ್ ಚೀಲ ಮಾರುವವರ ಬಗ್ಗೆಯೂ ಒಂದು ಮಾತು ಆಡಲೇಬೇಕು. ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಇದು ನೀರು ಹಿಡಿದಿಡುತ್ತದೆ, ಗೊಬ್ಬರ ಉಳಿಸುತ್ತದೆ ಎಂಬ ಪ್ರಚಾರವಿದೆ. ಕ್ಲಿನಾಪ್ಟಿಲೋಲೈಟ್ ಅಮೋನಿಯಂ ಅಯಾನನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದು ನಿಜ. 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣಶೀಲ ಸೀಸಿಯಂ ಹಿಡಿಯಲೂ ಅದನ್ನು ಬಳಸಿದರು. ಮರಳು ಮಣ್ಣಿನಲ್ಲಿ ಉಪಯೋಗ ಕಾಣಬಹುದು. ಎರಿಮಣ್ಣಿನ ಜೇಡಿಗೆ ಅಯಾನು ಹಿಡಿಯುವ ಶಕ್ತಿ ಮೊದಲೇ ಹೇರಳವಾಗಿರುವಾಗ ಎಕರೆಗೆ ಕೆಲವು ಚೀಲ ಹಾಕಿ ಏನು ಸಾಧಿಸಿದಂತಾಯಿತು? ಚೀಲದ ಮೇಲೆ ಯಾವ ಖನಿಜ, ಯಾವ ಅಯಾನು, ಶೇಕಡಾ ಎಷ್ಟು ಎಂದು ಬರೆದಿರದಿದ್ದರೆ ಕೊಳ್ಳಬಾರದು. ಸೋಡಿಯಂ ಬಗೆಯದಾದರೆ ನಮ್ಮ ಎರಿಗೆ ಕೇಡೇ ಹೆಚ್ಚು.

ಅಪಾಯದ ಸಂಗತಿ ಎರಡಿವೆ. ಟರ್ಕಿಯ ಕಪಡೋಸಿಯಾದ ಕರೈನ್, ತುಝ್‌ಕೊಯ್‌ನಂಥ ಹಳ್ಳಿಗಳಲ್ಲಿ ಎರಿಯೊನೈಟ್ ಎಂಬ ನಾರಿನಂಥ ಜಿಯೋಲೈಟ್‌ನ ಧೂಳು ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ತಂದಿತು. ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಡಲಾಗಿದೆ. ಎಲ್ಲ ಸೂಜಿಹರಳೂ ಎರಿಯೊನೈಟ್ ಅಲ್ಲ, ಹಾಗೆಂದು ಖಡಿ ಮಷೀನಿನ ಧೂಳನ್ನು ಬರಿ ಮುಖದಲ್ಲಿ ಉಸಿರಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಇನ್ನೊಂದು ಲಾಮಂಟೈಟ್. ಒಣ ಗಾಳಿಗೆ ಬಂದರೆ ತಾನಾಗಿ ನೀರು ಬಿಟ್ಟು ಪುಡಿಯಾಗುತ್ತದೆ, ತೇವಕ್ಕೆ ಮತ್ತೆ ಹೀರುತ್ತದೆ. ಅದಿರುವ ಖಡಿ ಕಾಂಕ್ರೀಟಿಗೆ ಸಲ್ಲದು. ಬಿಳಿ ಚುಕ್ಕೆ ತುಂಬಿದ ಕಲ್ಲಿನ ಖಡಿಯನ್ನು ಗಟ್ಟಿ ಕರಿಕಲ್ಲಿನ ಖಡಿಯೊಡನೆ ಬೆರೆಸಿ ಮಾರುವುದನ್ನು ಮನೆ ಕಟ್ಟುವವರು ಒಪ್ಪಬಾರದು.

ಜತ್ತದಲ್ಲಿ ಈಗಲೇ ಕೈಹಚ್ಚಬಹುದಾದ ಕೆಲಸ ಒಂದಿದೆ. ಬೋರು ಹೊಡೆಯುವಾಗ ಹೊರಬರುವ ಕಲ್ಲಿನ ಪುಡಿಯನ್ನು ಹತ್ತು ಅಡಿಗೊಂದು ಹಿಡಿಯಂತೆ ತೆಗೆದು, ಆಳ ಮತ್ತು ಸರ್ವೆ ನಂಬರು ಬರೆದ ಪೊಟ್ಟಣಗಳಲ್ಲಿ ಇಡಬೇಕು. ಬಣ್ಣ ಬದಲಾದದ್ದೆಲ್ಲಿ, ಬಿಳಿ ಚುಕ್ಕೆ ಶುರುವಾದದ್ದೆಲ್ಲಿ, ಕೆಂಪು ಪಟ್ಟಿ ಬಂದದ್ದೆಲ್ಲಿ, ನೀರು ಚಿಮ್ಮಿದ್ದೆಲ್ಲಿ ಎಂದು ಕನ್ನಡದಲ್ಲೇ ಬರೆದಿಟ್ಟರೆ ಸಾಕು; ಊರಿನ ಓದಿದ ಹುಡುಗರು ಮಾಡಬಹುದಾದ ಕೆಲಸ. ಭೂವಿಜ್ಞಾನ ವಿಭಾಗವಿರುವ ಯಾವ ವಿಶ್ವವಿದ್ಯಾಲಯವಾದರೂ ಎಕ್ಸ್-ರೇ ಪರೀಕ್ಷೆಯಿಂದ ಆ ಪುಡಿಯ ಖನಿಜಗಳನ್ನು ಹೆಸರಿಸಿಕೊಡಬಲ್ಲದು. ಹತ್ತಾರು ಊರಿನ ಪೊಟ್ಟಣ ಕೂಡಿದರೆ ಯಾವ ಪದರ ಎಲ್ಲೆಲ್ಲಿ ಹಬ್ಬಿದೆ, ಮುಂದಿನ ಬೋರು ಎಲ್ಲಿಗೆ ನಿಲ್ಲಿಸಬೇಕು ಎಂಬುದು ತಿಳಿಯುತ್ತದೆ. ಯಾವ ಆಳದಲ್ಲಿ ಹ್ಯೂಲಂಡೈಟ್ ಮುಗಿದು ಸ್ಕೋಲೆಸೈಟ್ ಶುರುವಾಗುತ್ತದೆ ಎಂಬುದು ಗೊತ್ತಾದರೆ, ಈಗ ಸವೆದುಹೋಗಿರುವ ಎಷ್ಟು ಲಾವಾ ಒಂದು ಕಾಲಕ್ಕೆ ಈ ನೆಲದ ಮೇಲಿತ್ತು ಎಂಬುದನ್ನೂ ಅಂದಾಜು ಮಾಡಬಹುದು.